ದೊಡ್ಡಮ್ಮನ ಮುಖ ಒರೆಸಿದ ಡಿಸ್ಕು

ಸಿನಿಮಾ ಡಿಸ್ಕಿನಲ್ಲಿ ಚಿತ್ರ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ಈಗ ಮೊದಲು ಬರುವುದು ಸಿಟ್ಟು. ಹಿಂದೆ ಹೀಗಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಬರೆಯುವುದೇ ನನ್ನ ದೊಡ್ಡ ಖುಷಿಯಾಗಿತ್ತು.

ಕಡೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಕೆಳಗೆ ಸ್ಟುಡಿಯೊ, ಮೇಲೆ ಮನೆ. ಮನೆಯ ಹಿಂದಿನ ಕೋಣೆಯ ಕಿಟಕಿಗೆ ಕರಿ ಬಟ್ಟೆಯ ಪರದೆ ಹಾಕಿ, ಗೋಡೆಗೆ ಬೂದು ಬಣ್ಣ ಬಳಿಸಿ, ಒಂದು ದೊಡ್ಡ ಟೀವಿಯನ್ನೂ ಫೋರ್‌ಕೆ ಡಿಸ್ಕ್ ಓಡಿಸುವ ಪ್ಲೇಯರನ್ನೂ ಇಟ್ಟುಕೊಂಡಿದ್ದೇನೆ. ಊರಿನವರಿಗೆ ಇದು ಹುಚ್ಚು. ಎಲ್ಲ ಸಿನಿಮಾವೂ ಫೋನಿನಲ್ಲಿ ಸಿಗುವಾಗ ಈ ಹೆಂಗಸು ಬಿಲ್ಲೆ ತರಿಸಿಕೊಂಡು ನೋಡುತ್ತಾಳಲ್ಲ ಎಂದು ನನ್ನ ಗಂಡನನ್ನೇ ಕೇಳಿದವರಿದ್ದಾರೆ. ನನ್ನ ಗಂಡ ನಕ್ಕುಬಿಡುತ್ತಾರೆ. ಅವರಿಗೆ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ನಿದ್ದೆ.

ನಾನು ನೋಡುವುದು ಕಥೆಗಾಗಿ ಮಾತ್ರವಲ್ಲ. ಹಳೆಯ ಸಿನಿಮಾಗಳನ್ನು ಫಿಲ್ಮಿನ ಮೇಲೆ ತೆಗೆದಿರುತ್ತಾರೆ. ಫಿಲ್ಮಿಗೆ ತನ್ನದೇ ಒಂದು ಮೈ ಇದೆ. ರಾಗಿ ಹಿಟ್ಟನ್ನು ಜರಡಿ ಹಿಡಿಯುವಾಗ ಬೆಳಕಿನ ಕೋಲಿನಲ್ಲಿ ಸಣ್ಣ ಪುಡಿ ಆಡುತ್ತದಲ್ಲ, ಹಾಗೆ ಚಿತ್ರದ ತುಂಬ ಅತಿ ಸಣ್ಣ ಕಣಗಳು ಆಡುತ್ತಿರುತ್ತವೆ. ಅದಕ್ಕೆ ಗ್ರೇನ್ ಅನ್ನುತ್ತಾರೆ. ಅದು ಕೊಳೆಯಲ್ಲ. ಕೆನ್ನೆಯ ಮೇಲಿನ ರೋಮ, ಗೋಡೆಯ ಬಿರುಕು, ನೂಲಿನ ಸೀರೆಯ ಎಳೆ, ಎಲ್ಲವೂ ಆ ಕಣಗಳಿಂದಲೇ ಆಗಿರುತ್ತವೆ. ಕಣ ತೆಗೆದರೆ ಅವೂ ಹೋಗುತ್ತವೆ. ಡಿಸ್ಕ್ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಮೊದಲು ಅಲ್ಲೇ ನೋಡುತ್ತೇನೆ. ಆಮೇಲೆ ಕಪ್ಪು ಎಷ್ಟು ಕಪ್ಪಾಗಿದೆ, ಸಿನಿಮಾದೊಳಗಿನ ಒಲೆಯ ಹೊಗೆ ಚೌಕ ಚೌಕವಾಗಿ ಒಡೆಯುತ್ತದೆಯೇ, ಸಂಜೆ ಸಂಜೆಯಂತೆ ಇದೆಯೇ, ಇವೆಲ್ಲ. ಕನ್ನಡದಲ್ಲಿ ಇಂಥದ್ದನ್ನು ಬರೆಯುವವರು ಕಡಿಮೆ. ಬೆಂಗಳೂರಿನ ಒಬ್ಬ ಯುವಕ ನಡೆಸುವ ವೆಬ್‌ಸೈಟಿಗೆ ನಾನು ಬರೆಯುತ್ತಿದ್ದೆ. ಓದುವವರು ಕೈಬೆರಳೆಣಿಕೆಯಷ್ಟೇ ಆದರೂ ಬಿಟ್ಟೂಬಿಡದೆ ಓದುತ್ತಿದ್ದರು.

ಹೀಗಿರುವಾಗ ಹಳೆಯ ಕನ್ನಡ ಸಿನಿಮಾಗಳನ್ನು ಡಿಸ್ಕಿಗೆ ತರಲು ಹೊರಟ ಒಂದು ಸಣ್ಣ ಕಂಪನಿ, ಎಮ್ಮೆದೊಡ್ಡಿಯ ಕಾವಲಿನಲ್ಲಿ, ದನ ಮೇಯುವ ಹುಲ್ಲುಗಾವಲಿನಲ್ಲಿ, ತೆಗೆದ ಒಂದು ಸಿನಿಮಾವನ್ನು ತರುತ್ತೇವೆ ಎಂದು ಪ್ರಕಟಿಸಿತು. ಶೂಟಿಂಗಿನಲ್ಲಿ ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಸಿಕ್ಕಿದೆ, ಅದರಿಂದಲೇ ಮಾಡುತ್ತಿದ್ದೇವೆ ಎಂದೂ ಬರೆದಿದ್ದರು. ಓದಿದವಳೇ ಅಜ್ಜಂಪುರಕ್ಕೆ ಫೋನ್ ಮಾಡಿದೆ. ಆ ಸಿನಿಮಾದಲ್ಲಿ ನನ್ನ ದೊಡ್ಡಮ್ಮ ಇದ್ದಾಳೆ.

ದೊಡ್ಡಮ್ಮ ಅಂದರೆ ನನ್ನ ಅವ್ವನ ಅಕ್ಕ. ಚಿಕ್ಕಂದಿನಲ್ಲಿ ಅವಳಿಗೆ ಸಿಡುಬು ಬಂದಿತ್ತು. ಬದುಕಿದಳು, ಮುಖದ ತುಂಬ ಗುಳಿಗಳು ಉಳಿದವು. ಶಾಲೆಯಲ್ಲಿ ಅವಳನ್ನು ಏನೇನೋ ಹೆಸರಿಟ್ಟು ಕರೆಯುತ್ತಿದ್ದರಂತೆ. ನೋಡಲು ಬಂದ ಗಂಡಿನವರು ಕಾಫಿ ಕುಡಿಯದೆ ಎದ್ದು ಹೋದದ್ದೂ ಉಂಟು. ಅವಳು ನರ್ಸ್ ಟ್ರೈನಿಂಗ್ ಮುಗಿಸಿ ಸಖರಾಯಪಟ್ಟಣದ ಕಡೆ ಹಳ್ಳಿಗಳಿಗೆ ಕೆಲಸಕ್ಕೆ ಹೋದಳು. ಅಲ್ಲಿ ಅವಳ ಮುಖವೇ ಅವಳಿಗೆ ಕೆಲಸಕ್ಕೆ ಬಂತು. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಜನ ಹಿಂದೇಟು ಹಾಕಿದರೆ ಅವಳು ಸೆರಗು ಸರಿಸಿ ತನ್ನ ಕೆನ್ನೆ ತೋರಿಸುತ್ತಿದ್ದಳು. ನಿಮ್ ಕೂಸಿಗೆ ಹಿಂಗಾಗ್ಬೇಕಾ ಎಂದು ಕೇಳುತ್ತಿದ್ದಳು. ಹೆಚ್ಚು ಮಾತೇ ಬೇಕಾಗುತ್ತಿರಲಿಲ್ಲ.

ಅವಳು ಇನ್ನೂ ಹರೆಯದಲ್ಲಿದ್ದಾಗ ಕಾವಲಿನಲ್ಲಿ ಶೂಟಿಂಗ್ ನಡೆಯಿತು. ಅಮೃತ ಮಹಲ್ ದನಗಳ ದೊಡ್ಡ ಹಿಂಡನ್ನು ಊರಿನಿಂದ ಹೊಡೆದುಕೊಂಡು ಹೋಗುವುದನ್ನು ಹೆಂಗಸರು ಸಾಲಾಗಿ ನಿಂತು ನೋಡುವ ದೃಶ್ಯ. ಯಾರೋ ಬಿಸಿಲು ಹೊಡೆದು ಬಿದ್ದರು ಎಂದು ದೊಡ್ಡಮ್ಮನನ್ನು ಕರೆಸಿದರು. ಅವಳು ಮದ್ದು ಕೊಟ್ಟು ಬ್ಯಾಗು ಎತ್ತಿಕೊಳ್ಳುವಾಗ ಕ್ಯಾಮೆರಾದವನು ಅವಳನ್ನು ನೋಡಿ, ಅಕ್ಕ, ಆ ಹೆಂಗಸರ ಸಾಲಿನಲ್ಲಿ ನಿಂತುಕೊಳ್ಳುತ್ತೀರಾ ಎಂದು ಕೇಳಿದನಂತೆ. ಅವಳು ಬೇಡವೆಂದಳು. ಆತ ಮತ್ತೆ ಕೇಳಿದ. ಮೇಕಪ್ಪಿನವನು ಪೌಡರ್ ಡಬ್ಬಿ ಹಿಡಿದು ಬಂದಾಗ, ಇವರ ಮುಖಕ್ಕೆ ಏನೂ ಹಚ್ಚಬೇಡ ಎಂದು ಗದರಿ ಕಳಿಸಿದ. ಆಮೇಲೆ ಹೊತ್ತು ಇಳಿಯುವವರೆಗೆ ಎಲ್ಲರನ್ನೂ ಕಾಯಿಸಿ, ಓರೆ ಬಿಸಿಲು ಅವಳ ಕೆನ್ನೆಗೆ ಬಿದ್ದಾಗ ಕ್ಯಾಮೆರಾ ಓಡಿಸಿದ. ಹೆಂಗಸರ ಮುಖಗಳ ಮೇಲೆ ಸರಿಯುತ್ತಾ ಬರುವ ಕ್ಯಾಮೆರಾ ದೊಡ್ಡಮ್ಮನ ಮುಖಕ್ಕೆ ಬಂದು ನಿಲ್ಲುತ್ತದೆ. ಅವಳು ದನಗಳು ಹೋದ ದಿಕ್ಕು ನೋಡುತ್ತಿರುತ್ತಾಳೆ. ಪ್ರತಿ ಗುಳಿಯಲ್ಲೂ ಒಂದು ಚೂರು ನೆರಳು. ಅಷ್ಟೇ. ಮಾತಿಲ್ಲ. ಆದರೆ ಅಲ್ಲಿಯವರೆಗೆ ಎಲ್ಲರೂ ದೃಷ್ಟಿ ತಪ್ಪಿಸುತ್ತಿದ್ದ ಮುಖವನ್ನು ಒಬ್ಬ ಬೇಕೆಂದು ಕೇಳಿ, ಬಿಸಿಲಿಗೆ ಕಾದು, ತುಂಬ ಹೊತ್ತು ನೋಡಿದ್ದ.

ತರೀಕೆರೆಯ ಟಾಕೀಸಿನಲ್ಲಿ ಅವಳು ಅದನ್ನು ನೋಡಿದಳು. ಅವ್ವನೂ ಜೊತೆಗಿದ್ದಳು. ದೊಡ್ಡಮ್ಮ ಅಲ್ಲಿ ಅತ್ತಳೆಂದು ಅವ್ವ ಹೇಳುತ್ತಿದ್ದಳು, ಇಲ್ಲವೆಂದು ದೊಡ್ಡಮ್ಮ ವಾದಿಸುತ್ತಿದ್ದಳು. ಆಮೇಲೆ ಆ ಸಿನಿಮಾ ಸರಿಯಾಗಿ ಎಲ್ಲೂ ಸಿಗಲಿಲ್ಲ. ಟೀವಿಯಲ್ಲಿ ಬಂದಾಗ ಚಾನೆಲ್ಲಿನ ಗುರುತು ಅವಳ ಹಣೆಯ ಮೇಲೇ ಕೂತಿತ್ತು. ಫೋನಿನಲ್ಲಿ ಸಿಕ್ಕಿದ್ದು ನೀರಲ್ಲಿ ನೆನೆಸಿ ತೆಗೆದಂತೆ ಇತ್ತು. ನನ್ನ ಹತ್ತಿರ ಒಂದು ಹಳೆಯ ಡಿವಿಡಿ ಇತ್ತು, ಅದರ ಬಣ್ಣ ಸತ್ತಿತ್ತು. ಆದರೂ ಆ ಸತ್ತ ಬಣ್ಣದಲ್ಲೂ ಗುಳಿಗಳು ಕಾಣುತ್ತಿದ್ದವು.

ಹೊಸ ಡಿಸ್ಕ್ ಬಂದಾಗ ನಾನು ಮೊದಲು ಒಬ್ಬಳೇ ನೋಡಲಿಲ್ಲ. ಮೂಲ ನೆಗೆಟಿವ್ ಎಂದ ಮೇಲೆ ಅನುಮಾನವೇಕೆ? ಕಾರು ತೆಗೆದುಕೊಂಡು ಅಜ್ಜಂಪುರಕ್ಕೆ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲೇ ಕೂತಿದ್ದಳು. ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ದಾರಿಯುದ್ದಕ್ಕೂ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಬಂದಳು. ಮಧ್ಯಾಹ್ನ ಊಟ ಮಾಡಿ, ಕಿಟಕಿಯ ಕರಿ ಬಟ್ಟೆ ಎಳೆದು, ಡಿಸ್ಕ್ ಹಾಕಿದೆ.

ಮೊದಲ ದೃಶ್ಯದಲ್ಲೇ ಏನೋ ತಪ್ಪಿದೆ ಎಂದು ಗೊತ್ತಾಯಿತು. ಕಾವಲಿನ ಹುಲ್ಲು ಗಾಳಿಗೆ ಬಾಗುವ ದೃಶ್ಯ ಅದು. ಹುಲ್ಲು ಕಾಣಲಿಲ್ಲ. ಹಸಿರು ಬಣ್ಣದ ಸಾರಣೆ ಕಾಣಿಸಿತು. ಗಾಳಿ ಬೀಸಿದಾಗ ಸಾರಣೆಯೇ ಒಟ್ಟಾಗಿ ಅಲುಗುತ್ತಿತ್ತು. ದನಗಳು ಬಂದವು. ಅವುಗಳ ಮೈಮೇಲೆ ಒಂದು ಕೂದಲಿಲ್ಲ, ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಗೊಂಬೆಗಳ ಹಾಗೆ ಮಿರಿಮಿರಿ ಹೊಳೆಯುತ್ತಿದ್ದವು. ಕೊಂಬಿನ ಸುತ್ತ ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿ ಗೆರೆ. ಗ್ರೇನನ್ನು ಪೂರ್ತಿ ಒರೆಸಿ, ಒರೆಸಿದ್ದು ಗೊತ್ತಾಗಬಾರದೆಂದು ಅಂಚುಗಳನ್ನು ತಿದ್ದಿ ಚೂಪು ಮಾಡಿದ್ದರು. ಬೆಳಕನ್ನು ಎತ್ತರಿಸಿ ಸಂಜೆಯನ್ನು ನಡುಮಧ್ಯಾಹ್ನ ಮಾಡಿದ್ದರು. ನಿಲ್ಲಿಸಿಬಿಡಲೇ ಅಂದುಕೊಂಡೆ. ಪಕ್ಕದಲ್ಲಿ ದೊಡ್ಡಮ್ಮ ಮುಂದಕ್ಕೆ ಬಾಗಿ ಕೂತಿದ್ದಳು. ನಿಲ್ಲಿಸಲಾಗಲಿಲ್ಲ.

ಹೆಂಗಸರ ಸಾಲು ಬಂತು. ಕ್ಯಾಮೆರಾ ಸರಿಯಿತು. ನಿಂತಿತು. ಪರದೆಯ ತುಂಬ ಒಬ್ಬ ಹುಡುಗಿಯ ಮುಖ. ಸುಲಿದ ಮೊಟ್ಟೆಯಂತೆ ನುಣ್ಣಗಿನ ಮುಖ. ರೆಪ್ಪೆಗಳು ಕಾಡಿಗೆ ತೀಡಿದಂತೆ ದಪ್ಪ. ಒಂದು ಗುಳಿಯಿಲ್ಲ, ಒಂದು ನೆರಳಿಲ್ಲ.

"ಇವ್ಳು ಯಾರೇ?" ಎಂದಳು ದೊಡ್ಡಮ್ಮ.

ನೀನೇ ದೊಡ್ಡಮ್ಮ, ಎಂದೆ.

"ನಾನಲ್ಲ ಕಣೇ. ಇವ್ಳಿಗೆ ಸಿಡುಬು ಬಂದೇ ಇಲ್ವಲ್ಲ."

ಹಿಂದಕ್ಕೆ ಹಾಕು ಎಂದಳು. ಹಾಕಿದೆ. ಎದ್ದು ಹೋಗಿ ಟೀವಿಯ ಹತ್ತಿರ ನಿಂತು ನೋಡಿದಳು. ಮತ್ತೆ ಹಾಕಿಸಿದಳು. ಪೊರೆ ತೆಗೆಸಿದ್ದು ಸರಿಹೋಗಲಿಲ್ಲವೇನೋ ಎಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ರಿಮೋಟನ್ನು ಎಲ್ಲಿಗಾದರೂ ಎಸೆದುಬಿಡಬೇಕೆನಿಸಿತು. ನಿನ್ನ ಕಣ್ಣು ಸರಿಯಾಗಿದೆ, ಅವರೇ ಅಳಿಸಿದ್ದಾರೆ ಎಂದೆ. ಯಾರು ಅಳಿಸಿದ್ದು ಎಂದು ಕೇಳಿದಳು. ಯಾರೂ ಕೂತು ಅಳಿಸಿಲ್ಲ, ಕಂಪ್ಯೂಟರ್ ತಾನೇ ಅಳಿಸುತ್ತದೆ ಎಂದು ವಿವರಿಸಲು ಹೋದೆ.

"ಅದುಕ್ಕೆ ಅಳ್ಸು ಅಂತ ಹೇಳ್ದೋರು ಇರ್ತಾರಲ್ಲ," ಎಂದಳು.

ಆಮೇಲೆ ಸಿನಿಮಾ ಪೂರ್ತಿ ನೋಡಲಿಲ್ಲ. ಮನೆಗೆ ಬಿಟ್ಟು ಬಾ ಎಂದಳು. ಹೋಗುವಾಗ ದಾರಿಯಲ್ಲಿ ಒಂದು ಬೋರ್ಡನ್ನೂ ಓದಲಿಲ್ಲ.

ಮಾರನೆಯ ದಿನ ನಾನು ವಿಮರ್ಶೆ ಬರೆದೆ. ಸಿಟ್ಟಿನಲ್ಲಿ ಬರೆದರೂ ಬೈಗುಳ ಬರೆಯಲಿಲ್ಲ. ಹಳೆಯ ಡಿವಿಡಿಯ ಚಿತ್ರವನ್ನೂ ಹೊಸ ಡಿಸ್ಕಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಹುಲ್ಲು ಎಲ್ಲಿ ಹೋಯಿತು, ಕೂದಲು ಎಲ್ಲಿ ಹೋಯಿತು, ಸಂಜೆ ಎಲ್ಲಿ ಹೋಯಿತು ಎಂದು ಒಂದೊಂದನ್ನೇ ತೋರಿಸಿದೆ. ಕೊನೆಯಲ್ಲಿ ದೊಡ್ಡಮ್ಮನ ಎರಡು ಮುಖಗಳನ್ನು ಇಟ್ಟೆ. ಇದು ಮೂಲ ನೆಗೆಟಿವಿನಿಂದ ಬಂದದ್ದಿರಬಹುದು, ಆದರೆ ಆ ನೆಗೆಟಿವಿನಲ್ಲಿ ಇದ್ದದ್ದು ಇದಲ್ಲ, ದಯವಿಟ್ಟು ಕೊಳ್ಳಬೇಡಿ ಎಂದು ಮುಗಿಸಿದೆ.

ವೆಬ್‌ಸೈಟ್ ನಡೆಸುವ ಯುವಕ ಫೋನ್ ಮಾಡಿ, ತುಂಬಾ ಖಾರವಾಯಿತು ಮೇಡಂ, ಪಾಪ ಕನ್ನಡಕ್ಕಾಗಿ ಮಾಡುತ್ತಿದ್ದಾರೆ, ನಾವೇ ಹೀಗೆಂದರೆ ಮುಂದೆ ಯಾರೂ ಡಿಸ್ಕ್ ತರುವುದಿಲ್ಲ ಎಂದ. ಕನ್ನಡಕ್ಕಾಗಿ ಮಾಡುವವರು ಕನ್ನಡದ ಹೆಂಗಸಿನ ಮುಖ ಒರೆಸಬಹುದೇ ಎಂದು ಕೇಳಿದೆ. ಸ್ವಲ್ಪ ಮೆತ್ತಗೆ ಮಾಡುತ್ತೇನೆ ಎಂದ. ಒಂದು ಅಕ್ಷರವನ್ನೂ ಮುಟ್ಟಬೇಡ ಎಂದೆ.

ಮುಟ್ಟಿದ. ಬರೇ ಮುಟ್ಟಲಿಲ್ಲ, ಕೆಡವಿ ಕಟ್ಟಿದ. ಪ್ರಕಟವಾದಾಗ ಮೇಲೆ 'ಕನ್ನಡಿಯಂತೆ ಹೊಳೆಯುವ ಚಿತ್ರ' ಎಂಬ ತಲೆಬರಹ, ಕೆಳಗೆ ನನ್ನ ಹೆಸರು. ಸಾರಣೆ, ಪ್ಲಾಸ್ಟಿಕ್, ಸೀಮೆಸುಣ್ಣ ಎಲ್ಲವೂ ಹೋಗಿ, ಕೆಲವು ಕಡೆ ಮುಖಗಳು ಸ್ವಲ್ಪ ನುಣುಪಾಗಿ ಕಂಡರೂ ಎಂಬ ಅರ್ಧ ವಾಕ್ಯ ಉಳಿದಿತ್ತು. ದೊಡ್ಡಮ್ಮನ ಎರಡು ಮುಖಗಳಲ್ಲಿ ಹಳೆಯದನ್ನು ಕಿತ್ತು ಹಾಕಿ ಹೊಸದನ್ನು ಮಾತ್ರ ದೊಡ್ಡದಾಗಿ ಹಾಕಿದ್ದ. ನನ್ನ ಬರಹಕ್ಕೂ ಅದೇ ಯಂತ್ರವನ್ನು ಓಡಿಸಿದಂತಿತ್ತು. ಫೋನ್ ಮಾಡಿ ನಾನು ಕೂಗಾಡಿದ್ದು ಕೆಳಗಿನ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊಗೆ ಕೂತಿದ್ದವರಿಗೂ ಕೇಳಿಸಿತಂತೆ. ನನ್ನ ಹೆಸರು ತೆಗೆಸಿದೆ. ಅಲ್ಲಿಗೆ ಬರೆಯುವುದನ್ನು ಅವತ್ತೇ ಬಿಟ್ಟೆ. ನಾನು ಬರೆದಿದ್ದನ್ನು ಇದ್ದಂತೆಯೇ ನನ್ನ ಸ್ವಂತ ಪುಟದಲ್ಲಿ ಹಾಕಿದೆ.

ಅದನ್ನು ಓದಿ ಕಂಪನಿಯ ಯಜಮಾನನೇ ಕರೆ ಮಾಡಿದ. ಮಾತು ಬಹಳ ಮೃದು. ಹಳೆಯ ಫಿಲ್ಮ್ ಎಷ್ಟು ಕೆಟ್ಟುಹೋಗಿತ್ತು, ಎಷ್ಟು ಗೀರು, ಎಷ್ಟು ಬೂಷ್ಟು, ಅದನ್ನು ಉಳಿಸಲು ಎಷ್ಟು ಓಡಾಡಿದೆವು ಎಂದೆಲ್ಲ ಹೇಳಿದ. ಗೀರು ತೆಗೆದದ್ದಕ್ಕೆ ಕೈಮುಗಿಯುತ್ತೇನೆ, ಚರ್ಮ ಏಕೆ ತೆಗೆದಿರಿ ಎಂದೆ. ಜನರಿಗೆ ಕ್ಲೀನ್ ಆಗಿರಬೇಕು, ಫೋರ್‌ಕೆ ಎಂದು ಕೊಂಡವರು ಕಣ ಕಣ ಕಂಡರೆ ವಾಪಸ್ ಕಳಿಸುತ್ತಾರೆ ಎಂದ. ಕೊನೆಗೆ ಸ್ವಲ್ಪ ನಗುತ್ತಾ ಕೇಳಿದ:

"ನಿಮ್ಮದೂ ಸ್ಟುಡಿಯೊ ಅಲ್ವಾ ಮೇಡಂ? ಮದುವೆ ಫೋಟೊದಲ್ಲಿ ನೀವು ಮೊಡವೆ ತೆಗೆಯಲ್ವಾ?"

ಆ ಮಾತು ನಾಟಿತು. ತೆಗೆಯುತ್ತೇನೆ, ದಿನಾ ತೆಗೆಯುತ್ತೇನೆ. ಅದು ಅವನಿಗೂ ಗೊತ್ತು ಎಂಬುದೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು.

"ಮದುಮಕ್ಕಳೇ ಎದುರಿಗೆ ಕೂತು, ಇದು ತೆಗೀರಿ, ಇದು ಬಿಡಿ ಅಂತಾರೆ, ಆಮೇಲೆ ತೆಗೀತೀನಿ. ನೀವು ಯಾರನ್ನ ಕೇಳಿದ್ರಿ?" ಎಂದೆ.

ಇದಕ್ಕೆ ಅವನ ದನಿ ಬದಲಾಯಿತು. ನಿಮಗೆ ನಂಬಿಕೆ ಬರುವಂತೆ ಮಾಡುತ್ತೇನೆ, ಒರೆಸುವ ಮೊದಲು ಹೇಗಿತ್ತು ಎಂದು ಕಳಿಸುತ್ತೇನೆ, ನೀವೇ ನೋಡಿ, ಎಷ್ಟು ಕೊಳಕಾಗಿತ್ತು ಗೊತ್ತಾಗುತ್ತದೆ ಎಂದು ಫೋನ್ ಇಟ್ಟ. ಸ್ವಲ್ಪ ಹೊತ್ತಿಗೇ ಇ-ಮೇಲ್ ಬಂತು. ನೆಗೆಟಿವ್ ಸ್ಕ್ಯಾನ್ ಮಾಡಿದ ಮೇಲೆ ಯಾರೂ ಕೈಯಿಡದ ಒಂದೇ ಒಂದು ಚಿತ್ರ. ನನ್ನನ್ನು ಸೋಲಿಸಲೆಂದೇ ಆರಿಸಿ ಕಳಿಸಿದ್ದು ದೊಡ್ಡಮ್ಮನ ಮುಖ.

ತೆರೆದು ನೋಡಿದವಳು ಕುರ್ಚಿಯಲ್ಲಿ ಹಾಗೇ ಕೂತೆ. ಎಡಗಡೆ ಒಂದು ಉದ್ದ ಗೀರಿತ್ತು, ಮೂಲೆಯಲ್ಲಿ ಒಂದಿಷ್ಟು ಧೂಳಿತ್ತು. ಉಳಿದಂತೆ ಎಲ್ಲವೂ ಇತ್ತು. ಓರೆ ಬಿಸಿಲು ಇತ್ತು. ಒಂದೊಂದು ಗುಳಿಯ ಅಂಚು, ಒಳಗಿನ ನೆರಳು, ತುಟಿಯ ಮೇಲಿನ ಬೆವರ ಹನಿ, ಗಾಳಿಗೆ ಹಾರಿದ ಒಂದು ಕೂದಲೆಳೆ, ಕಣ್ಣಿನ ಒಳಗೆ ದೂರದ ದನಗಳ ಚುಕ್ಕಿಗಳು ಕೂಡ ಇದ್ದವು. ಆ ಕ್ಯಾಮೆರಾದವನು ನೋಡಿದ್ದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಇಷ್ಟು ಒಳ್ಳೆಯದು ಅವರ ಕೈಯಲ್ಲಿತ್ತು. ಇದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಆ ಮೇಣದ ಗೊಂಬೆಯನ್ನು ಮಾರುತ್ತಿದ್ದಾರೆ. ಕೆಟ್ಟುಹೋದದ್ದನ್ನು ಸರಿಪಡಿಸಲಾಗಲಿಲ್ಲ ಎಂದಿದ್ದರೆ ದುಃಖವಾಗುತ್ತಿತ್ತು. ಸರಿಯಾಗಿದ್ದದ್ದನ್ನು ಬೇಕೆಂದೇ ಕೆಡಿಸಿದ್ದಕ್ಕೆ ದುಃಖಪಡುವುದಾದರೂ ಹೇಗೆ? ಸಿಟ್ಟೊಂದೇ ಉಳಿಯುವುದು.

ಗೀರನ್ನು ಹಾಗೇ ಬಿಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿ ಅಜ್ಜಂಪುರಕ್ಕೆ ತೆಗೆದುಕೊಂಡು ಹೋದೆ. ದೊಡ್ಡಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ತೊಳೆದು ಬಂದು, ಫೋಟೊವನ್ನು ಬೆಳಕಿಗೆ ತಿರುಗಿಸಿ ಹಿಡಿದು ನೋಡಿದಳು. ಒಂದು ಕೈಯಿಂದ ಫೋಟೊದ ಕೆನ್ನೆ ಮುಟ್ಟಿ, ಇನ್ನೊಂದರಿಂದ ತನ್ನ ಕೆನ್ನೆ ಮುಟ್ಟಿಕೊಂಡಳು. ಈಗ ಸುಕ್ಕುಗಳ ನಡುವೆ ಆ ಗುಳಿಗಳು ಅಷ್ಟಾಗಿ ಕಾಣುವುದಿಲ್ಲ. ಎಷ್ಟು ಚೆನ್ನಾಗಿದ್ದೆ ನೋಡು ಎಂದಳು. ತಮಾಷೆಗೆ ಹೇಳಲಿಲ್ಲ. ಆಮೇಲೆ, ಇದನ್ನು ಆ ಕಂಪನಿಯವನು ಏನೆಂದು ಹೇಳಿ ಕಳಿಸಿದ ಎಂದು ಕೇಳಿದಳು. ಮುಚ್ಚಿಡಬೇಕೆನಿಸಿದರೂ ಆಗಲಿಲ್ಲ. ಕೊಳಕಾಗಿತ್ತು ನೋಡಿ ಎಂದು ಕಳಿಸಿದ ಎಂದೆ.

ಅವನಿಗೆ ಫೋನ್ ಹಾಕಿ ಕೊಡು ಎಂದಳು. ಬೇಡ ಎಂದೆ. ಕೇಳಲಿಲ್ಲ. ಹಾಕಿ, ಸ್ಪೀಕರ್ ಒತ್ತಿ ಅವಳ ಮುಂದೆ ಹಿಡಿದೆ. ತಾನು ಯಾರೆಂದು ನಿಧಾನವಾಗಿ ಹೇಳಿದಳು. ಆತ ಗಾಬರಿಯಾಗಿ, ಅಮ್ಮಾ, ನಾನು ಹೇಳಿದ್ದು ಫಿಲ್ಮು ಕೊಳಕಾಗಿತ್ತು ಅಂತ, ನಿಮ್ಮನ್ನಲ್ಲ ಎಂದ.

"ಹಂಗಾದ್ರೆ ಫಿಲ್ಮ್ ತೊಳ್ಕಳಿ ಸ್ವಾಮಿ, ಬ್ಯಾಡ ಅನ್ನಲ್ಲ. ನನ್ ಮುಖ ನಾನೇ ತೊಳ್ಕತೀನಿ. ನನ್ನಂಗಿದ್ದೋರು ಇನ್ಮ್ಯಾಲೆ ಹುಟ್ಟಲ್ಲ, ಆ ಕಾಯ್ಲೆನೇ ಹೋಯ್ತು. ಇದ್ವಿ ಅನ್ನಾದು ಗೊತ್ತಾಗ್ಬೇಕಲ್ಲ?"

ಆತ, ಮುಂದಿನ ಮುದ್ರಣದಲ್ಲಿ ಸರಿ ಮಾಡುತ್ತೇವೆ ಅಮ್ಮಾ ಎಂದ. ಅವನ ದನಿ ನಿಜವಾಗಿಯೂ ಕುಗ್ಗಿತ್ತು, ನಾನು ಸುಳ್ಳು ಹೇಳಲಾರೆ. ದೊಡ್ಡಮ್ಮ ಸಮಾಧಾನದಿಂದ ಮತ್ತೆ ಅವರೆಕಾಯಿಯ ಮುಂದೆ ಕೂತಳು.

ಮುಂದಿನ ಮುದ್ರಣ ಬಂತು. ಹೊಸದೇನೋ ಇರಬಹುದೆಂದು ತರಿಸಿ ಹಾಕಿದೆ. ಅದೇ ಸಾರಣೆ, ಅದೇ ಮೊಟ್ಟೆ ಮುಖ. ಪೆಟ್ಟಿಗೆಯ ಮೇಲೆ ಮಾತ್ರ ಒಂದು ಹೊಸ ಚೀಟಿ ಅಂಟಿಸಿದ್ದರು: 'ಕನ್ನಡಿಯಂತೆ ಹೊಳೆಯುವ ಚಿತ್ರ'. ಕರೆ ಮಾಡಿದರೆ ಆತ ಎತ್ತುತ್ತಿಲ್ಲ. ಡಿಸ್ಕ್ ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿದ್ದೇನೆ. ಕೊಂಡವರು ಎಷ್ಟು ಕ್ಲೀನಾಗಿದೆ, ನಿನ್ನೆ ತೆಗೆದಂತಿದೆ ಎಂದು ಬರೆಯುತ್ತಾರೆ. ನನ್ನ ಪುಟಕ್ಕೆ ಬಂದು, ಅಸೂಯೆಯಿಂದ ಬರೆಯುತ್ತೀರಿ ಎಂದವರೂ ಇದ್ದಾರೆ. ದೊಡ್ಡಮ್ಮನಿಗೆ ಇದನ್ನು ಹೇಳಬಾರದು ಎಂದುಕೊಂಡಿದ್ದೆ, ಅವಳಿಗೆ ಹೇಗೋ ಗೊತ್ತಾಗಿದೆ. ಹೋಗ್ಲಿ ಬಿಡು ಎಂದಳು. ಅವಳು ಬಿಡಬಹುದು. ನಾನು ಬಿಡುವುದಿಲ್ಲ.

ಕಳೆದ ವಾರ ಅದೇ ಕಂಪನಿಯ ಇನ್ನೊಂದು ಡಿಸ್ಕ್ ಬಂತು. ಜೋರು ಮಳೆಯಲ್ಲಿ ಅಣ್ಣ ತಮ್ಮ ಎದುರುಬದುರು ನಿಂತು ಜಗಳವಾಡುವ ದೃಶ್ಯವೊಂದು ಅದರಲ್ಲಿದೆ. ಮಳೆಯ ಎಳೆಗಳನ್ನು ಯಂತ್ರ ಫಿಲ್ಮಿನ ಗೀರುಗಳೆಂದುಕೊಂಡಿದೆ. ಇಬ್ಬರ ಅಂಗಿಯೂ ತೊಯ್ದು ಮೈಗೆ ಅಂಟಿದೆ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಕಾಲ ಕೆಳಗೆ ಕೆಸರು. ಮಳೆ ಮಾತ್ರ ಇಲ್ಲ. ಖಾಲಿ ಗಾಳಿಯಲ್ಲಿ ಇಬ್ಬರು ನೆನೆದ ಗಂಡಸರು ಕಾರಣವಿಲ್ಲದೆ ಕಣ್ಣು ಕಿರಿದು ಮಾಡಿಕೊಂಡು ಕಿರುಚುತ್ತಿದ್ದಾರೆ. ನಿಲ್ಲಿಸಿ, ಕರಿ ಬಟ್ಟೆ ಸರಿಸಿ, ಮೇಜಿನ ಮುಂದೆ ಕೂತು ನನ್ನ ಪುಟಕ್ಕೆ ಬರೆಯಲು ಶುರುಮಾಡಿದೆ.